ಸಹಾಯಧನ ಸಿಗದವರ ಲೆಕ್ಕವೂ ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಅಂಚಿನ ಒಂದು ಮನೆಯ ಹಿಂದೆ, ಹಿಂದೊಮ್ಮೆ ದನದ ಹಟ್ಟಿಯಾಗಿದ್ದ ಜಾಗದಲ್ಲಿ ಈಗ ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕವಿದೆ. ಒಂದು ಬದಿಯಲ್ಲಿ ಹಾಳೆ ನೆನೆಹಾಕುವ ಸಿಮೆಂಟಿನ ತೊಟ್ಟಿ, ತೊಳೆದ ಮೇಲೆ ನೀರಿಳಿಯಲೆಂದು ಗೋಡೆಗೆ ಒರಗಿಸಿಟ್ಟ ಹಾಳೆಗಳು, ನಡುವೆ ನಾಲ್ಕು ಅಚ್ಚುಗಳ ಯಂತ್ರ. ತೇವ ಹದವಾಗಿರುವ ಹಾಳೆಯನ್ನು ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತಿದರೆ ಹಬೆ ಹೊರಡುತ್ತದೆ, ತುಸು ಹೊತ್ತಿನಲ್ಲಿ ತಟ್ಟೆ ಸಿದ್ಧವಾಗುತ್ತದೆ, ಅಂಚಿನ ಚೂರು ಕೆಳಗಿನ ಬುಟ್ಟಿಗೆ ಬೀಳುತ್ತದೆ. ಯಂತ್ರದ ಮೈಮೇಲೆ ಸರಕಾರದ ಸಹಾಯಧನ ಯೋಜನೆಯ ಹೆಸರು ಬಿಳಿ ಬಣ್ಣದಲ್ಲಿ ಬರೆದಿದೆ. ಘಟಕ ನಡೆಸುತ್ತಿರುವ ಮಹಿಳೆಗೆ ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮೊತ್ತ ಸಹಾಯಧನವಾಗಿ ಸಿಕ್ಕಿದೆ. ಇಲಾಖೆಯ ದೃಷ್ಟಿಯಲ್ಲಿ ಇದು ಯಶಸ್ಸಿನ ಕಥೆ, ಮತ್ತು ಆ ಮಾತು ಸುಳ್ಳೇನೂ ಅಲ್ಲ. ಆದರೆ ಸಬ್ಸಿಡಿ ಸಿಗದೆ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಅವರು ತಡವರಿಸದೆ ಹೇಳಿದ್ದು ಇಷ್ಟು: “ಸಿಗದಿದ್ದರೂ ಮೆಷಿನು ತೆಗೆದೇ ತೆಗೆಯುತ್ತಿದ್ದೆ ಮಾಷ್ಟ್ರೇ. ಅಡಿಕೆಗೆ ರೇಟು ಬಂದಾಗ ತೆಗೆಯುವುದೆಂದು ಮನೆಯಲ್ಲಿ ಮಾತಾಡಿ ಆಗಿತ್ತು. ಎರಡು ವರ್ಷ ತಡ ಆಗುತ್ತಿತ್ತು, ಅಷ್ಟೇ.”

ಸಣ್ಣ ಉದ್ಯಮಗಳಿಗೆ ಕೊಡುವ ಅನುದಾನದ ಪರಿಣಾಮವನ್ನು ಅಳೆಯುವ ಕೆಲಸದ ಕಷ್ಟವೆಲ್ಲ ಆ ಒಂದು ಉತ್ತರದಲ್ಲಿದೆ. ಸಾರ್ವಜನಿಕ ಹಣದಿಂದ ಅಲ್ಲಿ ಒಂದು ಹೊಸ ಘಟಕ ಹುಟ್ಟಿತೇ, ಅಥವಾ ಹೇಗೂ ಹುಟ್ಟಲಿದ್ದ ಘಟಕ ಎರಡು ವರ್ಷ ಮುಂಚೆ ಹುಟ್ಟಿತೇ? ಎರಡನೆಯದಕ್ಕೂ ಬೆಲೆ ಇದೆ. ಎರಡು ವರ್ಷದ ದುಡಿಮೆ ಒಂದು ಮನೆಗೆ ಸಣ್ಣ ವಿಷಯವಲ್ಲ. ಆದರೆ ಆ ಬೆಲೆ ಎಷ್ಟೆಂದು ತಿಳಿಯಬೇಕಾದರೆ, ಅದೇ ಸಮಯದಲ್ಲಿ ಅರ್ಜಿ ಹಾಕಿಯೂ ಸಹಾಯಧನ ಸಿಗದವರು ಏನಾದರು ಎಂಬುದು ತಿಳಿದಿರಬೇಕು. ಆ ಮಾಹಿತಿಯನ್ನು ನಾವು ಕೂಡಿಡುತ್ತಿಲ್ಲ ಎಂಬುದೇ ಈ ಲೇಖನದ ಕಾಳಜಿ.

ಮೊದಲು ಪದದ ವಿಷಯ. ಉದ್ಯಮಿ ಇಷ್ಟು ಹಾಕಿದರೆ ಸರಕಾರ ಇಷ್ಟು ಹಾಕುತ್ತದೆ ಎಂಬ ಕರಾರಿನ ಸಹಾಯಧನಕ್ಕೆ ಮ್ಯಾಚಿಂಗ್ ಗ್ರಾಂಟ್ ಎನ್ನುತ್ತಾರೆ. ಹೊಂದಾಣಿಕೆ ಅನುದಾನ ಎಂದು ಕನ್ನಡದಲ್ಲಿ ಹೇಳಬಹುದು. ವಿಶ್ವಬ್ಯಾಂಕಿನ ನೆರವಿನಿಂದ ಅನೇಕ ಬಡ ದೇಶಗಳಲ್ಲಿ ನಡೆದ ಇಂಥ ಯೋಜನೆಗಳಲ್ಲಿ ಸಲಹೆಗಾರರ ಶುಲ್ಕ, ತರಬೇತಿ, ವಸ್ತುಪ್ರದರ್ಶನ, ಹೊಸ ತಂತ್ರಜ್ಞಾನ ಮೊದಲಾದವುಗಳ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟನ್ನು ಸರಕಾರ ಭರಿಸುತ್ತದೆ. ನಮ್ಮಲ್ಲಿ ಇದಕ್ಕೆ ಹತ್ತಿರದ ರೂಪವೆಂದರೆ ಬ್ಯಾಂಕ್ ಸಾಲದ ಜೊತೆ ಬರುವ ಬಂಡವಾಳ ಸಬ್ಸಿಡಿ. 2008ರಿಂದ ನಡೆಯುತ್ತಿರುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ, ಎಂದರೆ ಪಿಎಂಇಜಿಪಿಯಲ್ಲಿ, ಸಾಮಾನ್ಯ ವರ್ಗದವರು ಯೋಜನಾ ವೆಚ್ಚದ ಶೇ 10ನ್ನು ಕೈಯಿಂದ ಹಾಕಬೇಕು, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರು ಶೇ 5. ಸಬ್ಸಿಡಿ ಪಟ್ಟಣದ ಸಾಮಾನ್ಯ ವರ್ಗಕ್ಕೆ ಶೇ 15ರಿಂದ ಹಳ್ಳಿಯ ವಿಶೇಷ ವರ್ಗಕ್ಕೆ ಶೇ 35ರವರೆಗೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ ಪಿಎಂಎಫ್‌ಎಂಇಯಲ್ಲಿ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಕೇರಳ ಸರಕಾರದ ಉದ್ಯಮಿ ಬೆಂಬಲ ಯೋಜನೆ ಉತ್ಪಾದನಾ ಘಟಕಗಳ ಸ್ಥಿರ ಬಂಡವಾಳದ ಶೇ 15ನ್ನೂ, ಮಹಿಳೆಯರು, ಯುವಕರು, ಪರಿಶಿಷ್ಟರಿಗೆ ಶೇ 20ನ್ನೂ ಕೊಡುತ್ತದೆ. ಕಾಸರಗೋಡು, ವಯನಾಡು, ಇಡುಕ್ಕಿ, ಪತ್ತನಂತಿಟ್ಟ ಜಿಲ್ಲೆಗಳಿಗೆ ಇನ್ನೂ ಶೇ 10 ಹೆಚ್ಚು. ಈ ಕೊನೆಯ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಸ್ವಂತ ಪಾಲು ಏಕೆ ಬೇಕು ಎಂಬುದಕ್ಕೆ ಕೊಡುವ ಸಮರ್ಥನೆ ಸರಳವಾದದ್ದು. ಕೈಯಿಂದ ದುಡ್ಡು ಹಾಕಿದವನು ಕೆಲಸದಲ್ಲಿ ಗಂಭೀರನಾಗಿರುತ್ತಾನೆ, ಯಂತ್ರವನ್ನು ತುಕ್ಕು ಹಿಡಿಯಲು ಬಿಡುವುದಿಲ್ಲ. ಇದರಲ್ಲಿ ಹುರುಳಿದೆ. ಆದರೆ ಇದೇ ಷರತ್ತು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತದೆ. ನಾಲ್ಕು ಲಕ್ಷದ ಯೋಜನೆಯೊಂದನ್ನು ತೆಗೆದುಕೊಳ್ಳಿ. ಹಳ್ಳಿಯ ಮಹಿಳೆಗೆ ಪಿಎಂಇಜಿಪಿಯಲ್ಲಿ ಸ್ವಂತ ಪಾಲು 20 ಸಾವಿರ, ಸಬ್ಸಿಡಿ 1.40 ಲಕ್ಷ. ಕಾಗದದ ಮೇಲೆ ಇದು ಬಹಳ ಉದಾರವಾದ ಲೆಕ್ಕ. ಆದರೆ ಸಬ್ಸಿಡಿ ಹಣ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಉಳಿದು, ಘಟಕ ನಡೆಯುತ್ತಿದೆ ಎಂದು ಸ್ಥಳ ಪರಿಶೀಲನೆಯಾದ ಮೇಲಷ್ಟೇ ಸಾಲಕ್ಕೆ ಹೊಂದಿಕೆಯಾಗುತ್ತದೆ. ಅಲ್ಲಿಯವರೆಗೆ ಬ್ಯಾಂಕು 3.80 ಲಕ್ಷ ರೂಪಾಯಿಯ ನಂಬಿಕೆ ಇಡಬೇಕು. ಯಾರ ಮೇಲೆ ಬ್ಯಾಂಕಿಗೆ ಅಷ್ಟು ನಂಬಿಕೆ? ಜಾಗದ ದಾಖಲೆ ಸರಿಯಿದ್ದವರ ಮೇಲೆ, ತೋಟ ಇರುವವರ ಮೇಲೆ, ಮನೆಯಲ್ಲೊಬ್ಬರು ಗಲ್ಫಿನಲ್ಲಿರುವವರ ಮೇಲೆ. ಅಂದರೆ ಸಹಾಯಧನ ಇಲ್ಲದೆಯೂ ಯಂತ್ರ ತೆಗೆಯಬಲ್ಲವರನ್ನು ಈ ವ್ಯವಸ್ಥೆ ಸುಲಭವಾಗಿ ಆರಿಸುತ್ತದೆ, ಸಹಾಯಧನ ಸಿಕ್ಕರೆ ಮಾತ್ರ ತೆಗೆಯಬಲ್ಲವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಬಂಡವಾಳದ ಕೊರತೆಯೇ ಕಾಯಿಲೆ ಎಂದು ಒಪ್ಪಿಕೊಂಡ ಮೇಲೆ, ಔಷಧ ಕೊಡುವ ಮೊದಲು ಬಂಡವಾಳ ತೋರಿಸು ಎನ್ನುವುದು ಸರಿಯಾದ ಕ್ರಮ ಎಂದು ನನಗೆ ಅನಿಸುವುದಿಲ್ಲ.

ಇದರ ಬೆಲೆಯನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ನೂರು ಘಟಕಗಳಿಗೆ ತಲಾ 1.40 ಲಕ್ಷ ಕೊಟ್ಟರೆ ಖರ್ಚು 1.40 ಕೋಟಿ. ಅವುಗಳಲ್ಲಿ ಅರುವತ್ತು ಹೇಗೂ ಶುರುವಾಗುತ್ತಿದ್ದವು ಎಂದಾದರೆ, ಸಹಾಯಧನದಿಂದಲೇ ಹುಟ್ಟಿದವು ನಲುವತ್ತು ಮಾತ್ರ. ಒಂದೊಂದಕ್ಕೂ ಬಿದ್ದ ನಿಜವಾದ ವೆಚ್ಚ 3.50 ಲಕ್ಷ. ಹೀಗೆ ಹೆಚ್ಚುವರಿಯಾಗಿ ಆದದ್ದೆಷ್ಟು ಎಂಬ ಪ್ರಶ್ನೆಯನ್ನು ಬಿಟ್ಟು ಫಲಾನುಭವಿಗಳ ಸಂಖ್ಯೆಯನ್ನಷ್ಟೇ ಹೇಳಿದರೆ ಯಾವ ಯೋಜನೆಯೂ ಸೋಲುವುದಿಲ್ಲ.

ಕೇರಳದಲ್ಲಿ ಸಂಖ್ಯೆಯ ಜಗಳ ಎಷ್ಟು ದೂರ ಹೋಗಬಹುದು ಎಂಬುದನ್ನು ನಾವು ಕಂಡಿದ್ದೇವೆ. 2022–23ನ್ನು ರಾಜ್ಯ ಸರಕಾರ ಉದ್ಯಮ ವರ್ಷವೆಂದು ಆಚರಿಸಿ ಒಂದು ಲಕ್ಷ ಹೊಸ ಉದ್ಯಮಗಳ ಗುರಿ ಇಟ್ಟುಕೊಂಡಿತು. ವರ್ಷದ ಕೊನೆಗೆ 1.39 ಲಕ್ಷಕ್ಕೂ ಹೆಚ್ಚು ಉದ್ಯಮಗಳು ಆರಂಭವಾದವೆಂದು ಘೋಷಿಸಿತು. ಮೊದಲೇ ಇದ್ದ ಅಂಗಡಿಗಳನ್ನೂ ಹೊಸ ಲೆಕ್ಕಕ್ಕೆ ಸೇರಿಸಲಾಗಿದೆ ಎಂದು ವಿರೋಧ ಪಕ್ಷ ಆರೋಪಿಸಿತು, ಸರಕಾರ ನಿರಾಕರಿಸಿತು. ಆ ವಾದದಲ್ಲಿ ಯಾರು ಸರಿ ಎಂಬುದು ನನ್ನ ವಿಷಯವಲ್ಲ. ಎಣಿಕೆ ಪೂರ್ತಿ ಸರಿಯಿದ್ದರೂ ಉಳಿಯುವ ಪ್ರಶ್ನೆಯೊಂದಿದೆ: ಉದ್ಯಮಿಗಳಿಗೆ ನೆರವಾಗಲು ಪಂಚಾಯತಿಗೊಬ್ಬರಂತೆ ಇಂಟರ್ನ್‌ಗಳನ್ನು ನೇಮಿಸದೆ, ಸಹಾಯಧನ ಹೆಚ್ಚಿಸದೆ ಇದ್ದಿದ್ದರೆ ಆ ವರ್ಷ ಎಷ್ಟು ಉದ್ಯಮಗಳು ಹುಟ್ಟುತ್ತಿದ್ದವು? ಆ ಎರಡು ಸಂಖ್ಯೆಗಳ ಅಂತರವೇ ಪರಿಣಾಮ. ಅದನ್ನು ಎರಡೂ ಕಡೆಯವರು ಕೇಳಲಿಲ್ಲ.

ಸಹಾಯಧನ ಸಿಗುವ ಮುಂಚೆ ಎಷ್ಟಿತ್ತು, ಸಿಕ್ಕಿದ ಮೇಲೆ ಎಷ್ಟಾಯಿತು ಎಂದು ಹೋಲಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಹಾಳೆ ತಟ್ಟೆಯ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ. 2020ರ ಜನವರಿ 1ರಂದು ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಬಂತು; 2022ರ ಜುಲೈ 1ರಿಂದ ದೇಶದಾದ್ಯಂತ ಅಂಥ ಹಲವು ವಸ್ತುಗಳಿಗೆ ನಿಷೇಧವಾಯಿತು. 2019ರಲ್ಲಿ ಯಂತ್ರ ತೆಗೆದ ಘಟಕ ಆಮೇಲೆ ಚೆನ್ನಾಗಿ ನಡೆದಿದ್ದರೆ ಅದರ ಶ್ರೇಯಸ್ಸಿನಲ್ಲಿ ಸಹಾಯಧನಕ್ಕೆ ಎಷ್ಟು, ನಿಷೇಧಕ್ಕೆ ಎಷ್ಟು ಎಂದು ಹಂಚುವುದು ಹೇಗೆ? ಇನ್ನೊಂದು ದಿಕ್ಕಿನಿಂದ, 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಹಾಳೆ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ಅದಕ್ಕೆ ಸ್ವಲ್ಪ ಮುಂಚೆ ಸಹಾಯಧನ ಪಡೆದು ರಫ್ತುದಾರರಿಗೆ ಮಾಲು ಕೊಡಲು ಹೊರಟ ಘಟಕದ ವ್ಯಾಪಾರ ಕುಸಿದಿದ್ದರೆ ಅದು ಯೋಜನೆಯ ಸೋಲಲ್ಲ. ಎಣ್ಣೆ ಗಾಣಗಳ ವಿಷಯದಲ್ಲಿ ಮೋಸ ಇನ್ನೂ ಸುಲಭ: 2025ರಲ್ಲಿ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದಾಗ, ಒಂದು ಕಿಲೋ ಎಣ್ಣೆಯನ್ನೂ ಹೆಚ್ಚು ತೆಗೆಯದ ಗಾಣದ ವಹಿವಾಟೂ ರೂಪಾಯಿಯ ಲೆಕ್ಕದಲ್ಲಿ ಬೆಳೆದಂತೆ ಕಾಣುತ್ತದೆ.

ಹಾಗಾದರೆ ಸಹಾಯಧನ ಪಡೆದವರನ್ನು ಪಡೆಯದ ನೆರೆಯವರ ಜೊತೆ ಹೋಲಿಸೋಣವೇ? ಅದೂ ಸಾಲದು, ಏಕೆಂದರೆ ಪಡೆದವರು ಮೊದಲೇ ಬೇರೆ ಬಗೆಯ ಉದ್ಯಮಿಗಳು. ಅವರಿಗೆ ಕಚೇರಿಯ ಗುರುತಿದೆ, ಕೊಟೇಶನ್ ತರಿಸಲು ಗೊತ್ತಿದೆ, ಆನ್‌ಲೈನ್ ಅರ್ಜಿ ತುಂಬಿಸಲು ಮನೆಯಲ್ಲಿ ಓದಿದ ಮಕ್ಕಳಿದ್ದಾರೆ. ಅಂಥವರು ಸಹಾಯಧನ ಇಲ್ಲದೆಯೂ ಮುಂದೆ ಹೋಗುತ್ತಾರೆ. ಹೋಲಿಕೆಗೆ ಬೇಕಾದದ್ದು ಎಲ್ಲ ರೀತಿಯಲ್ಲೂ ಅವರಂತೆಯೇ ಇದ್ದು, ಅರ್ಜಿಯನ್ನೂ ಹಾಕಿ, ಅದೃಷ್ಟದಿಂದಷ್ಟೇ ಹೊರಗುಳಿದವರ ಗುಂಪು. ಅದಕ್ಕಾಗಿಯೇ ಅರ್ಥಶಾಸ್ತ್ರಜ್ಞರು ಚೀಟಿ ಎತ್ತುವ ಕ್ರಮವನ್ನು ಇಷ್ಟಪಡುತ್ತಾರೆ: ಅರ್ಹರೆಲ್ಲರ ಹೆಸರು ಬರೆದು, ಹಣ ಇರುವಷ್ಟು ಮಂದಿಯನ್ನು ಚೀಟಿಯಿಂದ ಆರಿಸಿ, ಉಳಿದವರನ್ನೂ ಅದೇ ಶ್ರದ್ಧೆಯಿಂದ ಹಿಂಬಾಲಿಸುವುದು.

ಹೇಳಲು ಸುಲಭವಾದ ಈ ಕೆಲಸ ಮಾಡಲು ಎಷ್ಟು ಕಷ್ಟ ಎಂಬುದಕ್ಕೆ ಒಂದು ಅಪರೂಪದ ದಾಖಲೆ ಇದೆ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞರ ತಂಡವೊಂದು ಆಫ್ರಿಕದ ಆರು ದೇಶಗಳಲ್ಲಿ ಏಳು ಹೊಂದಾಣಿಕೆ ಅನುದಾನ ಯೋಜನೆಗಳನ್ನು ಹೀಗೆ ಪರೀಕ್ಷಿಸಲು ಹೊರಟಿತು. ಏಳರಲ್ಲಿ ಒಂದೂ ಪೂರ್ತಿಯಾಗಲಿಲ್ಲ. ಸಾಮಾನ್ಯವಾಗಿ ಇಂಥ ವೈಫಲ್ಯ ಕಪಾಟಿನಲ್ಲಿ ಉಳಿದುಬಿಡುತ್ತದೆ. ಅವರು ಮಾತ್ರ 2012ರಲ್ಲಿ, ನಡೆಯದೇ ಹೋದ ಪ್ರಯೋಗಗಳಿಂದ ಕಲಿತದ್ದೇನು ಎಂದು ಬರೆದು ಪ್ರಕಟಿಸಿದರು. ಮುಖ್ಯ ಕಾರಣಗಳು ಮೂರು: ಯೋಜನೆ ಮುಂದೂಡುತ್ತಲೇ ಹೋದದ್ದು, ಚೀಟಿ ಎತ್ತುವುದಕ್ಕೆ ರಾಜಕಾರಣಿಗಳು ಒಪ್ಪದಿದ್ದದ್ದು, ಮತ್ತು ಬಿಟ್ಟಿ ಹಣ ಎಂದು ಹೊರಗಿನವರು ಭಾವಿಸಿದ ಅನುದಾನಕ್ಕೆ ಅರ್ಜಿಗಳೇ ಸಾಕಷ್ಟು ಬಾರದಿದ್ದದ್ದು.

ಮೂರನೆಯ ಕಾರಣದ ಹತ್ತಿರ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಅರ್ಜಿ ಬಾರದಿರುವುದಕ್ಕೆ ಹಿನ್ನೆಲೆಯಾಗಿ ಅವರು ಗುರುತಿಸಿದ್ದು ವಿಪರೀತ ಬಿಗಿಯಾದ ಅರ್ಹತಾ ಷರತ್ತುಗಳನ್ನು, ಕೊನೆಯ ಹಂತದ ಸಣ್ಣ ವಿವರಗಳ ಬಗೆಗಿನ ಅಸಡ್ಡೆಯನ್ನು, ಯೋಜನೆ ನಡೆಸುವ ಸಿಬ್ಬಂದಿಗೆ ಯಾವುದರಿಂದ ಲಾಭ ಎಂಬುದನ್ನು. ಕಾಸರಗೋಡಿನ ಉತ್ತರ ಭಾಗದಲ್ಲಿ ಬದುಕುವವರಿಗೆ ಈ ಪಟ್ಟಿ ಓದುವಾಗ ಆಫ್ರಿಕ ದೂರದ ಊರೆನಿಸುವುದಿಲ್ಲ. ಪಿಎಂಎಫ್‌ಎಂಇಯಲ್ಲಿ ಜಿಲ್ಲೆಗೊಂದು ಉತ್ಪನ್ನವೆಂದು ಗುರುತಿಸಿದಾಗ ಕಾಸರಗೋಡಿಗೆ ಬಂದದ್ದು ಪಚ್ಚಿಲೆ ಎಂಬ ಚಿಪ್ಪುಮೀನು, ಮಲಯಾಳದವರ ಕಲ್ಲುಮ್ಮಕ್ಕಾಯಿ. ಚೆರುವತ್ತೂರು, ಪಡನ್ನದ ಹಿನ್ನೀರಿನಲ್ಲಿ ಅದನ್ನು ಬೆಳೆಸುವ ಮನೆಗಳಿಗೆ ಇದು ನ್ಯಾಯವಾದ ಆಯ್ಕೆ. ಆದರೆ ಮುಳ್ಳೇರಿಯದ, ನೀರ್ಚಾಲಿನ, ಪೈವಳಿಕೆಯ ಒಳನಾಡಿನಲ್ಲಿ ಹಲಸಿನ ಹಪ್ಪಳ, ತೆಂಗಿನೆಣ್ಣೆ, ಉಪ್ಪಿನಕಾಯಿಯಿಂದ ಬದುಕುವವರಿಗೆ ಅದರಿಂದ ಸಿಕ್ಕ ಮೊದಲ ಸಂದೇಶ, ಈ ಯೋಜನೆ ನಮ್ಮದಲ್ಲ ಎಂಬುದೇ ಆಯಿತು. ಈಗಾಗಲೇ ನಡೆಯುತ್ತಿರುವ ಬೇರೆ ಆಹಾರ ಘಟಕಗಳಿಗೂ ನೆರವು ಸಿಗುತ್ತದೆ ಎಂಬ ಮಾತು ಎಷ್ಟೋ ಮನೆಗಳಿಗೆ ತಲುಪಿದ್ದು ತಡವಾಗಿ.

ಇನ್ನು ಭಾಷೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು. ಕಾಯ್ದೆ ಇರುವುದು ಒಂದು. ಮಾಹಿತಿ ಶಿಬಿರದಲ್ಲಿ ಹಂಚುವ ಹಾಳೆ ಮಲಯಾಳದಲ್ಲಿ, ಪೋರ್ಟಲ್ ಇಂಗ್ಲಿಷಿನಲ್ಲಿ, ವಿವರಿಸುವವರ ಮಾತು ಅರ್ಧ ಅರ್ಥವಾಗುವುದು ಇನ್ನೊಂದು. ಹಪ್ಪಳ ಮಾಡುವ ಮಹಿಳೆಯರ ಒಂದು ಗುಂಪಿನ ಜೊತೆ ಅರ್ಜಿ ತುಂಬಿಸಲು ಕುಳಿತಿದ್ದೆ. ‘ಪ್ರಾಜೆಕ್ಟ್ ರಿಪೋರ್ಟ್’ ಎಂಬಲ್ಲಿಗೆ ಬಂದಾಗ ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಇದನ್ನು ಬರೆಯಿಸಲು ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ದಿನಕ್ಕೆ ಎಷ್ಟು ಹಪ್ಪಳ, ಒಂದು ಹಲಸಿನಕಾಯಿಯಿಂದ ಎಷ್ಟು, ಮಳೆ ಹಿಡಿದರೆ ಎಷ್ಟು ಹಾಳು ಎಂದು ಬಾಯಲ್ಲಿ ಹೇಳಬಲ್ಲವರು ಅವರು. ವರದಿಗೆ ಬೇಕಾದದ್ದೆಲ್ಲ ಅವರ ಬಳಿ ಇತ್ತು, ಅದನ್ನು ಬರೆಯುವ ಭಾಷೆಯೊಂದು ಇರಲಿಲ್ಲ.

ಪರೀಕ್ಷೆ ಪೂರ್ತಿಯಾದ ಕಡೆಗಳಲ್ಲಿ ಸಿಕ್ಕ ಉತ್ತರಗಳು ಒಂದೇ ದಿಕ್ಕಿನವಲ್ಲ. ಯೆಮನ್‌ನಲ್ಲಿ ಚೀಟಿ ಎತ್ತಿ ಅನುದಾನ ಕೊಟ್ಟಾಗ ಮೊದಲ ವರ್ಷದಲ್ಲೇ, ಅನುದಾನ ಸಿಗದವರಿಗಿಂತ ಸಿಕ್ಕವರು ಹೆಚ್ಚು ಹೊಸ ಉತ್ಪನ್ನ ತಂದರು, ಲೆಕ್ಕಪತ್ರ ಸುಧಾರಿಸಿದರು, ಪ್ರಚಾರ ಮತ್ತು ಬಂಡವಾಳ ಹೂಡಿಕೆ ಹೆಚ್ಚಿಸಿದರು. ಮಾರಾಟ ಬೆಳೆದಿದೆ ಎಂದು ಹೇಳಿದವರೂ ಅವರಲ್ಲೇ ಹೆಚ್ಚು. ನೆದರ್‌ಲ್ಯಾಂಡ್ಸ್‌ನಲ್ಲಿ 2004ರಲ್ಲಿ ಸಣ್ಣ ಉದ್ಯಮಗಳಿಗೆ ಸಂಶೋಧನಾ ಸಂಸ್ಥೆಗಳ ನೆರವು ಪಡೆಯಲು ಗರಿಷ್ಠ 7,500 ಯೂರೋದ ನೂರು ವೋಚರುಗಳನ್ನು ಚೀಟಿಯಿಂದ ಹಂಚಿದರು. ಹತ್ತರಲ್ಲಿ ಎಂಟು ವೋಚರುಗಳು, ಅವು ಇಲ್ಲದಿದ್ದರೆ ನಡೆಯುತ್ತಿರಲಿಲ್ಲ ಎನ್ನಬಹುದಾದ ಕೆಲಸಕ್ಕೆ ಬಳಕೆಯಾದವು ಎಂದು ಅಧ್ಯಯನ ಕಂಡುಕೊಂಡಿತು. ಮೆಕ್ಸಿಕೋದ ಪ್ಯೂಬ್ಲಾದಲ್ಲಿ 432 ಉದ್ಯಮಗಳ ಪೈಕಿ 150ಕ್ಕೆ ಒಂದು ವರ್ಷ ರಿಯಾಯಿತಿ ದರದ ನಿರ್ವಹಣಾ ಸಲಹೆ ಕೊಟ್ಟಾಗ, ಐದು ವರ್ಷಗಳ ನಂತರವೂ ಅವುಗಳಲ್ಲಿ ಉದ್ಯೋಗಿಗಳ ಸಂಖ್ಯೆ ಎದ್ದುಕಾಣುವಷ್ಟು ಹೆಚ್ಚಿತ್ತು. ಇಲ್ಲಿ ಕೊಟ್ಟದ್ದು ಯಂತ್ರವಲ್ಲ, ಬುದ್ಧಿಮಾತು ಎಂಬುದು ಗಮನಿಸಬೇಕಾದದ್ದು.

ಇದಕ್ಕೆ ಎದುರಾದ ಫಲಿತಾಂಶಗಳೂ ಇವೆ, ಮತ್ತು ಅವು ಕಾಲದ ಬಗ್ಗೆ ಎಚ್ಚರಿಸುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಉದ್ಯಮಿ ಕನಿಷ್ಠ 1,000 ಪೌಂಡ್ ಹಾಕಿದರೆ 4,000 ಪೌಂಡಿನ ವೋಚರು ಸಿಗುವ ಪ್ರಯೋಗದಲ್ಲಿ, ಕೆಲಸ ಮುಗಿದ ಆರು ತಿಂಗಳಿಗೆ ಮಾರಾಟದಲ್ಲೂ ಹೊಸತನದಲ್ಲೂ ಒಳ್ಳೆಯ ಏರಿಕೆ ಕಂಡಿತು. ಹನ್ನೆರಡು ತಿಂಗಳಾಗುವಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಉಳಿದಿರಲಿಲ್ಲ. ಟ್ಯುನೀಶಿಯದ ರಫ್ತು ಅನುದಾನ ಯೋಜನೆಯಲ್ಲಿ, ಇದು ಚೀಟಿ ಎತ್ತಿದ ಪ್ರಯೋಗವಲ್ಲವಾದರೂ, ಮೊದಲು ರಫ್ತು ವೇಗವಾಗಿ ಬೆಳೆದು ಮೂರು ವರ್ಷದ ಹೊತ್ತಿಗೆ ಫಲಾನುಭವಿಗಳೂ ಇತರರೂ ಒಂದೇ ಮಟ್ಟಕ್ಕೆ ಬಂದರು. ಇಟಲಿಯಲ್ಲಿ ಹಿಂದುಳಿದ ಪ್ರದೇಶಗಳ ಹೂಡಿಕೆ ಸಬ್ಸಿಡಿಯ ಅಧ್ಯಯನವೊಂದು, ಸಬ್ಸಿಡಿ ಸಿಕ್ಕ ಕಂಪೆನಿಗಳು ಮುಂದೆ ಮಾಡಬೇಕೆಂದಿದ್ದ ಹೂಡಿಕೆಯನ್ನೇ ಮುಂಚಿತವಾಗಿ ಮಾಡಿದವು ಎಂಬುದಕ್ಕೆ ಪುರಾವೆ ಕಂಡಿತು. ಹಾಳೆ ತಟ್ಟೆಯ ಹಟ್ಟಿಯಲ್ಲಿ ಕೇಳಿದ ಮಾತನ್ನೇ ಅಲ್ಲಿ ಅಂಕಿಅಂಶಗಳು ಹೇಳಿವೆ. ಮೊದಲ ವರ್ಷದ ಛಾಯಾಚಿತ್ರ ನೋಡಿ ತೀರ್ಮಾನಿಸಿದರೆ ಇವೆಲ್ಲವೂ ಯಶಸ್ಸುಗಳೇ.

ಒಬ್ಬರ ಬೆಳವಣಿಗೆ ಇನ್ನೊಬ್ಬರ ಗಿರಾಕಿಯಿಂದ ಬಂದದ್ದೇ ಎಂಬುದು ಎರಡನೆಯ ದೊಡ್ಡ ಪ್ರಶ್ನೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಯಲ್ಲಿ ಇದೇ ಹೆಚ್ಚು ತುರ್ತಿನದು. ನಮ್ಮ ದೇಶದಲ್ಲಿ 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯಿಂದ ಸಣ್ಣ ಉದ್ಯಮದ ಯಂತ್ರ ಬಂಡವಾಳದ ಮಿತಿ 1 ಕೋಟಿಯಿಂದ 5 ಕೋಟಿಗೆ ಏರಿ, ಹೊಸದಾಗಿ ಅನೇಕ ಉದ್ಯಮಗಳು ಸರಕಾರದ ನೆರವಿಗೆ ಅರ್ಹವಾದವು. ಈ ಬದಲಾವಣೆಯನ್ನು ಹಿಡಿದು ನಡೆಸಿದ ಅಧ್ಯಯನವೊಂದು, ಹೊಸದಾಗಿ ಅರ್ಹವಾದ ಉದ್ಯಮಗಳು ಬೆಳೆದದ್ದು ನಿಜವೆಂದೂ, ಆದರೆ ಹೊರಗಿನ ವ್ಯಾಪಾರ ಕಡಿಮೆ ಇರುವ ಸರಕುಗಳಲ್ಲಿ ಆ ಬೆಳವಣಿಗೆ ಬಹುಮಟ್ಟಿಗೆ ಬೇರೆ ಉದ್ಯಮಗಳ ನಷ್ಟದಿಂದಲೇ ಬಂತೆಂದೂ ತೋರಿಸಿತು. ನಮ್ಮ ಒಂದು ಪೇಟೆಯಲ್ಲಿ ಎರಡು ಹಿಟ್ಟಿನ ಗಿರಣಿ ಇರುವಲ್ಲಿ ಮೂರನೆಯದಕ್ಕೆ ಸಹಾಯಧನ ಕೊಟ್ಟರೆ ಅರೆಯಬೇಕಾದ ಅಕ್ಕಿ ಹೆಚ್ಚಾಗುವುದಿಲ್ಲ. ವರದಿಯಲ್ಲಿ ಒಂದು ಘಟಕ, ಎರಡು ಉದ್ಯೋಗ ಎಂದು ಸೇರುತ್ತದೆ. ಸಾಲವಿಲ್ಲದೆ ಇಪ್ಪತ್ತು ವರ್ಷದಿಂದ ಗಿರಣಿ ನಡೆಸಿದವರು ಬಾಗಿಲು ಹಾಕಿದ್ದು ಎಲ್ಲಿಯೂ ಸೇರುವುದಿಲ್ಲ. ಮಂಗಳೂರಿಗೋ ಅದರಾಚೆಗೋ ಹೋಗಿ ಮಾರಾಟವಾಗುವ ಹಾಳೆ ತಟ್ಟೆ, ಹಪ್ಪಳದಂಥವುಗಳಲ್ಲಿ ಈ ಅಪಾಯ ಕಡಿಮೆ. ಆದ್ದರಿಂದ ಮೌಲ್ಯಮಾಪನ ಮಾಡುವವರು ಫಲಾನುಭವಿಯ ಅಕ್ಕಪಕ್ಕದ, ಅದೇ ಕಸುಬಿನ ಘಟಕಗಳನ್ನೂ ಸಂದರ್ಶಿಸದೆ ಹಿಂದಿರುಗಬಾರದು.

ಮನೆಯೊಳಗೂ ಇಂಥದೇ ಒಂದು ತಿರುವು ಇದೆ. ಶ್ರೀಲಂಕಾದಲ್ಲಿ ಸಣ್ಣ ಕಸುಬುದಾರರಿಗೆ 10,000 ಅಥವಾ 20,000 ರೂಪಾಯಿಯ ಬಂಡವಾಳವನ್ನು ಚೀಟಿಯಿಂದ ಕೊಟ್ಟ ಪ್ರಸಿದ್ಧ ಪ್ರಯೋಗದಲ್ಲಿ ತಿಂಗಳಿಗೆ ಸುಮಾರು ಶೇ 5ರಷ್ಟು ಪ್ರತಿಫಲ ಕಂಡಿತು, ಆದರೆ ಮಹಿಳೆಯರ ಕಸುಬುಗಳಲ್ಲಿ ಸರಾಸರಿಯಾಗಿ ಏನೂ ಕಾಣಲಿಲ್ಲ. ಆ ಮಾಹಿತಿಯನ್ನು ಮತ್ತೆ ಪರಿಶೀಲಿಸಿದವರು ಕಂಡದ್ದು ಬೇರೆ: ಹೆಂಡತಿಯ ಹೆಸರಿನಲ್ಲಿ ಬಂದ ಬಂಡವಾಳ ಗಂಡನ ಕಸುಬಿಗೆ ಹೋಗುತ್ತಿತ್ತು, ಮನೆಯಲ್ಲಿ ಆಕೆಯದೊಂದೇ ಕಸುಬು ಇದ್ದಲ್ಲಿ ಪ್ರತಿಫಲ ಗಂಡಸರಷ್ಟೇ ಇತ್ತು. ಮಹಿಳೆಗೆ ಸಬ್ಸಿಡಿ ಹೆಚ್ಚು ಎಂಬ ಕಾರಣಕ್ಕೆ ಎಷ್ಟು ಅರ್ಜಿಗಳು ಮಹಿಳೆಯರ ಹೆಸರಿನಲ್ಲಿ ಹೋಗುತ್ತವೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಘಟಕವನ್ನಷ್ಟೇ ಅಳೆದರೆ ತಪ್ಪು ಉತ್ತರ ಸಿಗುತ್ತದೆ. ತೋಟ, ಬೀಡಿ, ಗಲ್ಫಿನ ಹಣ ಎಲ್ಲವೂ ಒಂದೇ ಒಲೆಯ ಸುತ್ತ ಸೇರುವ ಮನೆಯನ್ನು ಒಟ್ಟಾಗಿ ಅಳೆಯಬೇಕು.

ಅಳೆಯುವ ತಾಂತ್ರಿಕತೆಯ ಬಗ್ಗೆ ಎರಡು ಮಾತು ಸಾಕು. ಸಣ್ಣ ಘಟಕದ ಮಾರಾಟ ತಿಂಗಳಿಂದ ತಿಂಗಳಿಗೆ ಹೊಯ್ದಾಡುತ್ತದೆ. ಮದುವೆಯ ಕಾಲದಲ್ಲಿ ತಟ್ಟೆಗೆ ಬಿಡುವಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಕೇಳುವವರಿಲ್ಲ. ಒಮ್ಮೆ ಹೋಗಿ ಕೇಳಿ ಬಂದ ಸಂಖ್ಯೆಗೆ ಅರ್ಥವಿಲ್ಲ, ವರ್ಷಕ್ಕೆ ಹಲವು ಸಲ ಕೇಳಬೇಕು. ಇನ್ನೊಂದು, ಆಯ್ಕೆಯಾದವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಅನುದಾನ ಬಳಸಿದರೆ ಎರಡು ಗುಂಪುಗಳ ನಡುವಿನ ಅಂತರವೂ ಅರ್ಧವಾಗುತ್ತದೆ, ಆ ಅಂತರವನ್ನು ಗುರುತಿಸಲು ನಾಲ್ಕು ಪಟ್ಟು ಹೆಚ್ಚು ಘಟಕಗಳು ಬೇಕಾಗುತ್ತವೆ. ಒಂದೇ ಜಿಲ್ಲೆಯ ಐವತ್ತು ಘಟಕಗಳನ್ನು ನೋಡಿ ಪರಿಣಾಮ ಇದೆ ಅಥವಾ ಇಲ್ಲ ಎಂದು ಘೋಷಿಸುವ ಸಮೀಕ್ಷೆಗಳನ್ನು ಓದುವಾಗ ಈ ಲೆಕ್ಕ ನೆನಪಿರಬೇಕು.

ಹಾಗಾದರೆ ಕಾಸರಗೋಡಿನಲ್ಲಿ ಏನು ಮಾಡಬಹುದು? ಪಂಚಾಯತಿಯ ಯೋಜನಾ ನಿಧಿಯಂತೆ ಹಣ ಸೀಮಿತವಾಗಿದ್ದು ಅರ್ಹ ಅರ್ಜಿಗಳು ಅದಕ್ಕಿಂತ ಹೆಚ್ಚಿರುವಲ್ಲಿ ಚೀಟಿ ಎತ್ತುವುದರಲ್ಲಿ ಅನ್ಯಾಯವೇನೂ ಇಲ್ಲ. ಸ್ಥಳೀಯ ಸಂಸ್ಥೆಗಳ ಮೀಸಲು ವಾರ್ಡು ಯಾವುದೆಂಬುದನ್ನು ಎಲ್ಲರೆದುರು ಚೀಟಿ ಎತ್ತಿಯೇ ನಿರ್ಧರಿಸುತ್ತೇವೆ. ಊರಿನ ಕುರಿಯಲ್ಲಿ, ಎಂದರೆ ಚೀಟಿ ಫಂಡಿನಲ್ಲಿ, ಈ ತಿಂಗಳು ಯಾರಿಗೆ ಎಂಬುದನ್ನೂ ಹಾಗೆಯೇ. ನೈಜೀರಿಯದಲ್ಲಿ 2011ರಲ್ಲಿ ಆರಂಭವಾದ ಉದ್ಯಮ ಯೋಜನಾ ಸ್ಪರ್ಧೆಯಲ್ಲಿ ಅತ್ಯುತ್ತಮ ಅಂಕ ಪಡೆದವರಿಗೆ ನೇರವಾಗಿ ಕೊಟ್ಟು, ಉಳಿದ 1,841 ಮಂದಿಯಲ್ಲಿ 729 ಮಂದಿಯನ್ನು ಚೀಟಿಯಿಂದ ಆರಿಸಿದರು. ಅನುದಾನ ಸಿಕ್ಕವರ ಉದ್ಯಮಗಳು ಮೂರು ವರ್ಷದ ನಂತರವೂ ಹೆಚ್ಚು ಸಂಖ್ಯೆಯಲ್ಲಿ ಉಳಿದುಕೊಂಡಿದ್ದವು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಆ ಚೀಟಿಯಿಂದಾಗಿ.

ಆದರೆ ಪಿಎಂಇಜಿಪಿ ಅಥವಾ ರಾಜ್ಯದ ಉದ್ಯಮಿ ಬೆಂಬಲ ಯೋಜನೆಯಂಥವು ಅರ್ಹರೆಲ್ಲರಿಗೂ ತೆರೆದಿರುವವು. ಅಲ್ಲಿ ಚೀಟಿ ಹೊಂದುವುದಿಲ್ಲ. ಅಲ್ಲಿ ಗಡಿಯೇ ಅಳತೆಗೋಲಾಗಬಹುದು. ಕಾಸರಗೋಡಿಗೆ ಇರುವ ಹೆಚ್ಚುವರಿ ಶೇ 10 ಕಣ್ಣೂರು ಜಿಲ್ಲೆಗೆ ಇಲ್ಲ. ಕಾಸರಗೋಡು ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ದಕ್ಷಿಣದ ಪಂಚಾಯತಿಗಳೂ ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನ ಉತ್ತರದ ಪಂಚಾಯತಿಗಳೂ ಒಂದೇ ಮಾರುಕಟ್ಟೆ, ಒಂದೇ ಕೂಲಿ, ಒಂದೇ ವಿದ್ಯುತ್ ದರ, ಒಂದೇ ರಾಜ್ಯದ ಪರವಾನಗಿ ನಿಯಮದಡಿ ಇವೆ. ಗೆರೆಯ ಎರಡು ಬದಿಯಲ್ಲಿ ಉತ್ಪಾದನಾ ಘಟಕಗಳ ಹುಟ್ಟು ಮತ್ತು ಉಳಿವನ್ನು ವರ್ಷವರ್ಷ ಹೋಲಿಸಿದರೆ ಆ ಶೇ 10 ಏನು ಮಾಡಿತು ಎಂಬುದರ ಅಂದಾಜು ಸಿಗುತ್ತದೆ. ತಲಪಾಡಿಯ ಆಚೆ ಈಚೆಯನ್ನೋ ಪೆರ್ಲ ಮತ್ತು ಕರ್ನಾಟಕದ ವಿಟ್ಲವನ್ನೋ ಹೋಲಿಸುವ ಆಸೆ ನಮಗೆ ಸಹಜ, ಆದರೆ ರಾಜ್ಯ ಬದಲಾದಾಗ ತುಂಬ ಸಂಗತಿಗಳು ಒಟ್ಟಿಗೆ ಬದಲಾಗುವುದರಿಂದ ಆ ಹೋಲಿಕೆ ದುರ್ಬಲ.

ನನಗೆ ಎಲ್ಲಕ್ಕಿಂತ ಸರಿಯೆನಿಸುವ ದಾರಿ ಮೂರನೆಯದು. ಯಾರಿಗೂ ಸಹಾಯಧನ ನಿರಾಕರಿಸದೆ, ಸಹಾಯವನ್ನು ಹಂತಹಂತವಾಗಿ ಕೊಡುವುದು. ಮಂಜೇಶ್ವರ ಮತ್ತು ಕಾಸರಗೋಡು ತಾಲ್ಲೂಕುಗಳಲ್ಲಿ ಕನ್ನಡಿಗರು ಹೆಚ್ಚಿರುವ ವಾರ್ಡುಗಳ ಪಟ್ಟಿ ಮಾಡಿ, ಚೀಟಿಯಿಂದ ಅರ್ಧವನ್ನು ಆರಿಸಿ, ಅಲ್ಲಿ ಮೊದಲ ವರ್ಷ ಕನ್ನಡ ಬಲ್ಲ ಇಂಟರ್ನ್ ಒಬ್ಬರು ಮನೆಮನೆಗೆ ಹೋಗಿ ಯೋಜನೆಯನ್ನು ವಿವರಿಸಿ, ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟು, ಬ್ಯಾಂಕಿನವರೆಗೆ ಜೊತೆಗೆ ಹೋಗಲಿ. ಉಳಿದ ವಾರ್ಡುಗಳಿಗೆ ಈ ನೆರವು ಮುಂದಿನ ವರ್ಷ ಸಿಗಲಿ. ಮೊದಲ ವರ್ಷವೂ ಅಲ್ಲಿನವರು ಈಗಿನಂತೆ ತಾವೇ ಅರ್ಜಿ ಹಾಕಲು ಸ್ವತಂತ್ರರು. ಹೀಗೆ ಮಾಡಿದರೆ ಎರಡು ಉತ್ತರಗಳು ಒಟ್ಟಿಗೆ ಸಿಗುತ್ತವೆ. ಭಾಷೆಯ ತೊಡಕು ಎಷ್ಟು ಅರ್ಜಿಗಳನ್ನು ತಡೆಯುತ್ತಿದೆ ಎಂಬುದು ಮೊದಲನೆಯದು. ಅದರ ಬಗ್ಗೆ ಭಾಷಾ ಅಲ್ಪಸಂಖ್ಯಾತರ ಸಭೆಗಳಲ್ಲಿ ನಾವು ಅಹವಾಲು ಹೇಳುತ್ತ ಬಂದಿದ್ದೇವೆ, ಸಂಖ್ಯೆಯನ್ನು ಎಂದೂ ಮುಂದಿಟ್ಟಿಲ್ಲ. ಆ ನೆರವಿನಿಂದಾಗಿಯೇ ಯೋಜನೆಯೊಳಗೆ ಬಂದವರ ಬದುಕಿನಲ್ಲಿ ಸಹಾಯಧನ ಏನು ಬದಲಿಸಿತು ಎಂಬುದು ಎರಡನೆಯದು. ಹೀಗೆ ಒಳಬಂದವರು ಸಬ್ಸಿಡಿ ಇಲ್ಲದಿದ್ದರೆ ಯಂತ್ರ ತೆಗೆಯುತ್ತಲೇ ಇರಲಿಲ್ಲ ಎಂಬ ಸಾಧ್ಯತೆ ಹೆಚ್ಚು, ಆದ್ದರಿಂದ ಸಾರ್ವಜನಿಕ ಹಣದ ಪರಿಣಾಮವನ್ನು ನೋಡಬೇಕಾದದ್ದೂ ಅವರಲ್ಲೇ.

ಇದೆಲ್ಲಕ್ಕೂ ಮೊದಲು ಆಗಬೇಕಾದ, ಖರ್ಚೇ ಇಲ್ಲದ ಕೆಲಸವೊಂದಿದೆ. ಒಂದು ಕಚೇರಿಯಲ್ಲಿ ನಾನು, ಮೂರು ವರ್ಷದ ಹಿಂದೆ ಅರ್ಜಿ ಹಾಕಿ ತಿರಸ್ಕೃತರಾದವರ ವಿವರ ಸಿಗುವುದೇ ಎಂದು ಕೇಳಿದ್ದೆ. ಮಂಜೂರಾದವರ ಪಟ್ಟಿಯನ್ನು ಅಲ್ಲಿನವರು ಸಂತೋಷದಿಂದ ತೋರಿಸಿದರು. ಉಳಿದವರ ವಿವರವನ್ನು ಬೇರೆಯಾಗಿ ಇಟ್ಟಿಲ್ಲ ಎಂದರು, ಅದನ್ನು ಇಡಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೆಸರು, ಫೋನ್ ನಂಬರ್, ಕೇಳಿದ ಮೊತ್ತ, ತಿರಸ್ಕಾರದ ಕಾರಣ, ಅಂಕ ಕೊಟ್ಟಿದ್ದರೆ ಆ ಅಂಕ, ಇಷ್ಟಿದ್ದರೆ ಸ್ವಲ್ಪದರಲ್ಲಿ ಪಾಸಾದವರನ್ನೂ ಸ್ವಲ್ಪದರಲ್ಲಿ ಅವಕಾಶ ತಪ್ಪಿದವರನ್ನೂ ಎದುರುಬದುರು ಇಟ್ಟು ನೋಡಬಹುದು. ಪಿಎಂಇಜಿಪಿಯಲ್ಲಿ ಮೂರು ವರ್ಷದ ಬಳಿಕ ಸ್ಥಳ ಪರಿಶೀಲನೆಗೆ ಹೇಗೂ ಜನ ಹೋಗಲೇಬೇಕು. ಅದೇ ದಿನ ಅದೇ ಊರಿನ ಇನ್ನೊಂದು ಮನೆಗೂ ಹೋಗಿ ಬರಬಹುದು.

ಹಾಳೆ ತಟ್ಟೆಯ ಆ ಮಹಿಳೆಯ ಜೊತೆಯಲ್ಲೇ ಅರ್ಜಿ ಹಾಕಿದ್ದ ಒಬ್ಬರ ಮನೆ ಅಲ್ಲಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ಜಾಗ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿ ಇದ್ದುದರಿಂದ ಅವರ ಅರ್ಜಿ ಬ್ಯಾಂಕಿನಿಂದ ಹಿಂದೆ ಬಂತು. ಅವರು ವಿಟ್ಲದ ಕಡೆಯಿಂದ ಕಾಲಿನಲ್ಲಿ ಒತ್ತುವ ಎರಡು ಅಚ್ಚುಗಳ ಹಳೆಯ ಯಂತ್ರವೊಂದನ್ನು ತಂದು ಜಗಲಿಯ ಮೂಲೆಯಲ್ಲಿಟ್ಟು, ಬೆಳಿಗ್ಗೆ ತೋಟದ ಕೆಲಸ ಮುಗಿಸಿ ಮಧ್ಯಾಹ್ನದ ನಂತರ ತಟ್ಟೆ ಮಾಡುತ್ತಾರೆ. ದಿನಕ್ಕೆ ಎಷ್ಟಾಗುತ್ತದೆ ಎಂದು ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲ ಎಂದು ಹೇಳಿ, ಒಳಗೆ ಹೋಗಿ, ಲೆಕ್ಕ ಬರೆದಿಟ್ಟಿದ್ದ ಮಗಳ ಹಳೆಯ ನೋಟ್‌ಬುಕ್ಕನ್ನು ತಂದರು.